ಒಳಕೋಣೆಗೆ ವಿಭಾಗವಿರಲಿಲ್ಲ

ನಮ್ಮ ಮನೆಯಲ್ಲಿ ಕವನ ಸಂಕಲನಗಳಿಗೆ ಬರವಿಲ್ಲ. ದಿವಾನದ ಕೆಳಗೆ, ಫ್ರಿಜ್ಜಿನ ಮೇಲೆ, ಹೊಲಿಗೆ ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ, ಎಲ್ಲಿ ನೋಡಿದರೂ ಅವೇ. ಒಂದನ್ನೂ ನಾವು ಕೊಂಡದ್ದಲ್ಲ. ಇಂಥ ಒಂದೊಂದು ಪುಸ್ತಕದಲ್ಲೂ ಐವತ್ತು ಅರವತ್ತು ಜನ ಬರೆದಿರುತ್ತಾರೆ. ಪುಸ್ತಕ ಬಂದ ಮೇಲೆ ಒಬ್ಬೊಬ್ಬರ ಕೈಗೂ ಒಂದಷ್ಟು ಪ್ರತಿ ಸಿಗುತ್ತದೆ. ಅವರು ಅವನ್ನು ಗುರುತಿನವರಿಗೆಲ್ಲ ಹಂಚುತ್ತಾರೆ. ಹಂಚುವಾಗ ತಮ್ಮ ಕವನವಿರುವ ಪುಟದ ಮೂಲೆ ಮಡಚಿ ಕೊಡುತ್ತಾರೆ. ನನ್ನ ಅಕ್ಕ ಕವನ ಕಟ್ಟುವವಳೆಂದು ತಿಳಿದವರೆಲ್ಲ ಅವಳಿಗೊಂದು ತಂದುಕೊಡುತ್ತಾರೆ. ಹೀಗಾಗಿ ನಮ್ಮಲ್ಲಿರುವ ಪ್ರತಿ ಪುಸ್ತಕದಲ್ಲೂ ಯಾವುದೋ ಒಂದು ಪುಟದ ಮೂಲೆ ಮಡಚಿದೆ.

ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರದಲ್ಲಿ ಹೋಯಿತು. ಅವಳು ಅಂಧರ ಶಾಲೆಯಲ್ಲಿ ಓದಿ, ಪಿಯುಸಿ ಮುಗಿಸಿ, ಅಪ್ಪ ಕೆಲಸಕ್ಕಿದ್ದ ಸರ್ಕಾರಿ ಕಾರ್ಖಾನೆಯಲ್ಲೇ ಟೆಲಿಫೋನ್ ಆಪರೇಟರ್ ಆಗಿ ನಿವೃತ್ತಿಯವರೆಗೂ ದುಡಿದಳು. ನಾನು ಕಣ್ಣಿದ್ದೂ ಓದಲಿಲ್ಲ. ಎಂಟನೇ ಕ್ಲಾಸಿನಲ್ಲಿ ಲೆಕ್ಕದಲ್ಲಿ ಫೇಲಾದೆ, ಮತ್ತೆ ಕೂತು ಮತ್ತೆ ಫೇಲಾದೆ, ಹೊಲಿಗೆ ಕ್ಲಾಸಿಗೆ ಸೇರಿಕೊಂಡೆ. ಯಾರೂ ಸ್ಕೂಲು ಬಿಡಿಸಲಿಲ್ಲ, ನಾನೇ ಬಿಟ್ಟೆ. ಇಬ್ಬರಿಗೂ ಮದುವೆಯಾಗಲಿಲ್ಲ. ಅಪ್ಪ ಅಮ್ಮ ಹೋದರು, ಅಕ್ಕ ರಿಟೈರ್ ಆದಳು, ಕ್ವಾರ್ಟರ್ಸ್ ಬಿಟ್ಟು ಲಿಂಗರಾಜಪುರದ ಈ ಮೊದಲ ಮಹಡಿಯ ಮನೆಗೆ ಬಂದೆವು. ಒಂದು ಹಾಲ್, ಒಂದು ಕೋಣೆ, ಅಡುಗೆಮನೆ. ಹಾಲಿನ ಕಿಟಕಿಯ ಬಳಿ ನನ್ನ ಮಿಷನ್. ಬಾಗಿಲ ಪಕ್ಕ ಅಕ್ಕನ ಬೆತ್ತದ ಕುರ್ಚಿ.

ಬ್ಲೌಸ್ ಹೊಲಿಸಲು ಬಂದವರನ್ನು ಮೊದಲು ಮಾತಾಡಿಸುತ್ತಿದ್ದವಳು ಅವಳೇ. ಬದುಕೆಲ್ಲ ಸ್ವಿಚ್‌ಬೋರ್ಡಿನ ಮುಂದೆ ಕೂತವಳಿಗೆ ಒಮ್ಮೆ ಕೇಳಿದ ದನಿ ಮರೆಯುವುದಿಲ್ಲ. ಚಪ್ಪಲಿ ಬಿಡುವ ಮೊದಲೇ "ಏನ್ರೀ, ಗಂಟ್ಲು ಕಟ್ಟಿದೆ? ಮದುವೆ ಮನೇಲಿ ಐಸ್‌ಕ್ರೀಂ ಜಾಸ್ತಿಯಾಯ್ತಾ?" ಎನ್ನುವಳು. ಅಳತೆ ಕೊಟ್ಟು ಮುಗಿದ ಮೇಲೂ ಎಷ್ಟೋ ಜನ ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಹರಟಿ ಹೋಗುತ್ತಿದ್ದರು.

ಮಧ್ಯಾಹ್ನ ಊಟವಾದ ಮೇಲೆ ನಾನು ಅಕ್ಕನಿಗೆ ಸಂಕಲನ ಓದಿ ಹೇಳುವುದು ನಮ್ಮ ಮನೆಯ ಪದ್ಧತಿ. ಓದು ಅಷ್ಟಾಗಿ ಬಾರದ ನನಗೆ ಅಕ್ಷರ ಪಳಗಿದ್ದು ಹೀಗೆ ಓದಿಯೇ. ಮೊದಲು ಪರಿವಿಡಿ ಓದಬೇಕು. ಅದರಲ್ಲಿ ಅವಳು ಆರಿಸುವಳು.

ಪರಿವಿಡಿ ಓದುವುದೆಂದರೆ ನನಗೆ ರಸೆಲ್ ಮಾರುಕಟ್ಟೆಯೊಳಗೆ ಹೋದ ಹಾಗೆ. ಗುಲಾಬಿ ಮಾಲೆಯ ಪಕ್ಕ ಹಾಯುತ್ತಿದ್ದಂತೆ ಕುರಿಮಾಂಸ, ಅದನ್ನು ದಾಟಿದರೆ ದಾಳಿಂಬೆ, ಅಷ್ಟರಲ್ಲಿ ಒಣಮೀನು. ಒಬ್ಬರು ಮೊದಲ ಪ್ರೀತಿಯ ಬಗ್ಗೆ ಬರೆದಿದ್ದರೆ ಎದುರು ಪುಟದಲ್ಲಿ ಇನ್ನೊಬ್ಬರು ಬತ್ತಿದ ಕೆರೆಯ ಬಗ್ಗೆ. ಗಡಿ ಕಾಯುವ ಸೈನಿಕನ ಬೆನ್ನಿಗೆ ಈರುಳ್ಳಿಯ ಬೆಲೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರೊಬ್ಬರು ಬರೆದದ್ದು ಮಳೆಬಿಲ್ಲಿಗೆ ಅಂಟಿಕೊಂಡಿರುತ್ತದೆ. ಒಬ್ಬರನ್ನೊಬ್ಬರು ಕಾಣದವರು, ಕಂಡರೂ ಮಾತಾಡಿಸದವರು, ಒಂದೇ ರಟ್ಟಿನೊಳಗೆ ಮೈಗೆ ಮೈ ತಾಗಿಸಿ ಕೂತಿರುತ್ತಾರೆ. ಒಬ್ಬರೇ ಬರೆದ ಪುಸ್ತಕ ಓದಿದರೆ ನನಗೆ ಬೇಗ ನಿದ್ದೆ ಬರುತ್ತದೆ. ಸಂಕಲನದಲ್ಲಿ ನಿದ್ದೆ ಬರುವಷ್ಟರಲ್ಲಿ ಬೇರೆ ಯಾರೋ ಬಂದು ಬಾಗಿಲು ತಟ್ಟುತ್ತಾರೆ.

"ತಾಯಿ ಎಷ್ಟಿದಾರೆ ಈ ಸಲ?" ಅಕ್ಕ ಕೇಳುವಳು.

"ಎಂಟೋ ಒಂಬತ್ತೋ ಇದೆ."

"ಮುಂದಕ್ಕೆ ಹೋಗು ತಾಯಿ. ಎಲ್ಲರ ಅಮ್ಮನೂ ಸೆರಗಲ್ಲಿ ಕಣ್ಣೇ ಒರೆಸ್ಕೋತಾಳೆ. ಒಬ್ಬಳಾದ್ರೂ ಮೂಗು ಒರೆಸ್ಕೊಂಡಿದ್ರೆ ಓದು."

ನಾನು ನಕ್ಕು ಮುಂದಕ್ಕೆ ಹೋಗುವೆ. ಹಾಗೆಂದು ಅವಳು ಯಾರನ್ನೂ ಕಡೆಗಣಿಸುತ್ತಿರಲಿಲ್ಲ. ಎಷ್ಟೇ ಪೇಲವ ಕವನವಿರಲಿ, ಮೂಲೆ ಮಡಚಿದ ಪುಟವನ್ನು ಮಾತ್ರ ಬಿಡದೆ ಓದಿಸುವಳು. "ಕೊಟ್ಟೋರು ಅದಕ್ಕೇ ಅಲ್ವಾ ಮಡಚಿರೋದು" ಎನ್ನುವಳು.

ಅವಳ ಕವನಗಳೆಲ್ಲ ಅವಳ ತಲೆಯಲ್ಲೇ ಇರುತ್ತಿದ್ದವು. ಬ್ರೈಲ್ ಬರೆಯುವುದನ್ನು ಬಿಟ್ಟು ಬಹಳ ವರ್ಷವಾಯಿತು, ಬೆರಳಿನ ಗಂಟುಗಳು ನೋಯುತ್ತವೆ. ಮಾತಾಡುವ ಫೋನು ಬಂದಿದೆ, ಅದಕ್ಕೆ ಹೇಳಿದರೆ ಬರೆದು ಓದಿಯೂ ತೋರಿಸುತ್ತದೆ ಎಂದು ಯಾರೋ ಹೇಳಿದರು. "ಬೇಡಪ್ಪ. ಮೆಟ್ರೋದಲ್ಲಿ ಸ್ಟೇಷನ್ ಹೆಸರು ಹೇಳ್ತಾಳಲ್ಲ, ಅವಳ ಥರ ಓದುತ್ತೆ ಅದು. ನನ್ನ ಕವನದ ಮಧ್ಯೆ ಎಡಗಡೆ ಬಾಗಿಲು ತೆರೆಯುತ್ತೆ ಅಂದ್ಬಿಡುತ್ತೆ" ಎಂದಳು. ಯಾರಿಗಾದರೂ ಕವನ ಕಳಿಸಬೇಕೆಂದರೆ ಅವಳು ಹೇಳಬೇಕು, ನಾನು ಬರೆದುಕೊಳ್ಳಬೇಕು. ಅವಳಿಂದ ಹೊರಗೆ ಬರುವ ದಾರಿ ನಾನೊಬ್ಬಳೇ ಆಗಿದ್ದೆ.

ಮೊನ್ನೆಯ ರಾಜ್ಯೋತ್ಸವಕ್ಕೆ ಕಾರ್ಖಾನೆಯ ಹಳಬರೆಲ್ಲ ಸೇರಿ ಒಂದು ಸಂಕಲನ ತರುತ್ತೇವೆಂದು ಹೊರಟರು. ಅಕ್ಕನ ಜೊತೆ ಕೆಲಸ ಮಾಡಿ ನಿವೃತ್ತರಾದವರೊಬ್ಬರು ಸಂಪಾದಕರು. ನನ್ನ ಫೋನಿಗೇ ಕರೆ ಮಾಡಿದರು. ಸ್ಪೀಕರ್ ಹಾಕಿ ಅಕ್ಕನ ಮುಂದೆ ಹಿಡಿದೆ.

"ಮೇಡಂ, ಈ ಸಲ ಸುಮ್ಮನೆ ಗುಡ್ಡೆ ಹಾಕಲ್ಲ, ವಿಭಾಗ ಮಾಡಿ ಹಾಕ್ತೀವಿ. ನಾಡು-ನುಡಿ, ತಾಯಿ, ಪ್ರಕೃತಿ, ಪ್ರೀತಿ, ಶ್ರಮ, ಸಮಾಜ. ನಿಮ್ಮದು ಯಾವುದಕ್ಕೆ ಬರೆಯೋಣ?"

"ಸಾರ್, ಫೋನ್ ಹಾಕಿಕೊಡೋದು ನನ್ನ ಕೆಲಸ. ಯಾರ ಟೇಬಲ್‌ಗೆ ಹೋಗುತ್ತೆ ನೀವೇ ನೋಡ್ಕೊಳ್ಳಿ" ಎಂದಳು ಅಕ್ಕ.

ಅವರು ಜೋರಾಗಿ ನಕ್ಕರು. ವೇದಿಕೆಯ ಮೇಲೆ ನೀವೇ ಓದಬೇಕು, ಪುಸ್ತಕದಲ್ಲಿರುವುದನ್ನೇ ಓದಬೇಕು, ಕವಿಗಳೆಲ್ಲ ಹಾಗೇ, ಎಂದು ಹೇಳಿ ಇಟ್ಟರು.

ದಸರೆಗೆ ಮುಂಚಿನ ದಿನಗಳು. ಹಬ್ಬದ ಬ್ಲೌಸುಗಳು ಮಿಷನ್ನಿನ ಸುತ್ತ ರಾಶಿ ಬಿದ್ದಿದ್ದವು. ಒಂದು ಮಧ್ಯಾಹ್ನ ಅಕ್ಕ, "ಇವತ್ತು ಓದೋದು ಬೇಡ. ಪೆನ್ ತಗೋ, ಕವನ ಆಗಿದೆ" ಎಂದಳು. ಯಾವುದೋ ಕೋಚಿಂಗ್ ಕ್ಲಾಸಿನ ಕರಪತ್ರದ ಹಿಂಬದಿ ಖಾಲಿಯಿತ್ತು. ತಗೊಂಡೆ.

"ಏನು ಹೆಸರು?"

"ಒಳಕೋಣೆ."

ಹೆಸರು ಕೇಳಿದಾಗ ನನಗೆ ಏನೂ ಅನಿಸಲಿಲ್ಲ. ಶುರುವಾದದ್ದು ಲೋಟಗಳಿಂದ. ಬಂದವರಿಗೆ ಕಾಫಿ ಕೊಡುವ ಸ್ಟೀಲಿನ ಲೋಟ ಒಂದಕ್ಕೊಂದು ತಾಗುವ ಸದ್ದಿನಲ್ಲೇ ಎಷ್ಟು ಜನ ಬಂದಿದ್ದಾರೆಂದು ತಿಳಿಯುವ ಒಬ್ಬಳು ಅಕ್ಕಿ ಮೂಟೆಯ ಮೇಲೆ ಕೂತಿದ್ದಾಳೆ. ಅದು ನಮ್ಮ ಕ್ವಾರ್ಟರ್ಸಿನ ಒಳಕೋಣೆ. ಬಂದವರು ನನ್ನನ್ನು ನೋಡಲು ಬಂದವರು.

ನನಗೆ ಗಂಡು ನೋಡುತ್ತಿದ್ದ ಕಾಲದಲ್ಲಿ ಅಮ್ಮ ಒಂದು ಉಪಾಯ ಮಾಡಿದ್ದಳು. ಮನೆಯಲ್ಲಿ ಕಣ್ಣು ಕಾಣದ ಹುಡುಗಿ ಇದ್ದಾಳೆಂದರೆ ಮನೆತನಕ್ಕೇ ಇರುವ ದೋಷವೇನೋ ಎಂದು ಹೆದರುತ್ತಾರೆ, ಮೊದಲು ಹುಡುಗಿ ಒಪ್ಪಿಗೆಯಾಗಲಿ, ಆಮೇಲೆ ನಿಧಾನವಾಗಿ ಹೇಳಿದರಾಯಿತು ಎಂದಳು. ಅಕ್ಕ, "ಅದಕ್ಕೇನಂತೆ, ಕೂತಿರ್ತೀನಿ" ಎಂದಳು. ಗಂಡಿನ ಕಡೆಯವರು ಬರುವ ಹೊತ್ತಿಗೆ ಅವಳು ಒಳಕೋಣೆಗೆ ಹೋಗುವುದು, ಅಮ್ಮ ಬಾಗಿಲು ಮುಂದಕ್ಕೆ ಎಳೆಯುವುದು ಒಂದು ಶಾಸ್ತ್ರವೇ ಆಗಿಹೋಯಿತು. ಎಷ್ಟು ಸಲ ನಡೆಯಿತೋ. ಒಂದು ಸಂಬಂಧವೂ ಕೂಡಲಿಲ್ಲ. ಜಾತಕ ಕೂಡಲಿಲ್ಲ, ನಾನು ಕಪ್ಪು ಎಂದರು, ಓದಿಲ್ಲ ಎಂದರು. ಅಕ್ಕನ ವಿಷಯದವರೆಗೆ ಮಾತು ಬಂದದ್ದೇ ಇಲ್ಲ. ಅವಳನ್ನು ಸುಮ್ಮನೆ ಮುಚ್ಚಿಟ್ಟಿದ್ದೆವು.

ಕವನದಲ್ಲಿ ಎಲ್ಲ ಇತ್ತು. ಒಳಗೆ ಯಾರೂ ಇಣುಕಬಾರದೆಂದು ಅಮ್ಮ ಕೋಣೆಯ ಲೈಟು ಆರಿಸಿದ್ದು. ಕಣ್ಣಿಲ್ಲದವಳಿಗೆ ಕತ್ತಲಾದದ್ದು ಸ್ವಿಚ್ಚಿನ ಟಕ್ ಎಂಬ ಸದ್ದಿನಿಂದ ತಿಳಿದದ್ದು. ಅಮ್ಮ ಕೈಗಿಟ್ಟು ಹೋದ ಕೋಡುಬಳೆಯನ್ನು ಕಚ್ಚಿದರೆ ಹೊರಗೆ ಕೇಳುತ್ತದೆಂದು ಮೆತ್ತಗಾಗುವವರೆಗೂ ಬಾಯಲ್ಲೇ ಇಟ್ಟುಕೊಂಡದ್ದು. ಹುಡುಗನ ದೊಡ್ಡಪ್ಪ ಕೆಮ್ಮಿದಾಗಲೆಲ್ಲ ಆ ಸದ್ದಿನ ಮರೆಯಲ್ಲಿ ತಾನೂ ಗಂಟಲು ಸರಿಮಾಡಿಕೊಂಡದ್ದು. ಅಕ್ಕ ಇದನ್ನೆಲ್ಲ ಹೇಳುವಾಗ ಸಿಟ್ಟಿರಲಿಲ್ಲ, ಕೋಡುಬಳೆಯ ಹತ್ತಿರ ಸ್ವಲ್ಪ ನಕ್ಕಳು ಕೂಡ.

ಆಮೇಲೆ ಆ ಸಾಲು ಬಂತು. ಒಂದು ಸಲ ಹುಡುಗನ ಚಿಕ್ಕಮ್ಮ, "ಆ ಕೋಣೇಲಿ ಯಾರಿದಾರೆ?" ಎಂದು ಕೇಳಿದ್ದರು. ಅಮ್ಮ ತಡವರಿಸಿದಳು. ಆಗ ತಟ್ಟನೆ ಉತ್ತರ ಕೊಟ್ಟವಳು ನಾನು: "ಒಳಗೆ ಯಾರೂ ಇಲ್ಲ, ಹೊಲಿಗೆ ಸಾಮಾನಿದೆ." ಅದನ್ನು ಅಕ್ಕ ಕೇಳಿಸಿಕೊಂಡಿದ್ದಳೆಂದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಾನು ಹಾಗೆ ಅಂದದ್ದೇ ನನಗೆ ಮರೆತಿತ್ತು. ಈಗ ಅವಳು ನನ್ನ ಮಾತನ್ನು ನನ್ನದೇ ದನಿಯ ಏರಿಳಿತದಲ್ಲಿ ಹೇಳಿದಳು. ನಾನು ಬರೆದುಕೊಂಡೆ.

ಅದರ ನಂತರ ಇನ್ನೂ ಕೆಲವು ಸಾಲುಗಳಿದ್ದವು. ಅವು ಏನೆಂದು ನನಗೆ ಗೊತ್ತಿಲ್ಲ. ನನ್ನ ಕೈ ಬರೆಯಿತು, ಕಿವಿ ಕೇಳಲಿಲ್ಲ.

"ಒಂದು ಸಲ ಓದು" ಎಂದಳು.

"ಒಲೆ ಮೇಲೆ ಹಾಲಿದೆ" ಎಂದು ಎದ್ದುಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಕಾರ್ಖಾನೆಯ ಕಾಲೊನಿಯವರೆಲ್ಲ ಓದುವ ಪುಸ್ತಕ. ಅಮ್ಮನನ್ನು ಕಂಡವರು, ನಮ್ಮ ಮನೆಯ ಪಕ್ಕದಲ್ಲಿದ್ದವರು, ಈಗಲೂ ನನ್ನ ಹತ್ತಿರ ಬ್ಲೌಸ್ ಹೊಲಿಸುವವರು. ಅವರೆಲ್ಲರ ಮನೆಗೂ ಮೂಲೆ ಮಡಚಿದ ಪುಟದಲ್ಲಿ ನನ್ನ ಆ ಮಾತು ಹೋಗುತ್ತದೆ ಎಂದು ಯೋಚಿಸಿದೆ. ಅಮ್ಮನ ಮರ್ಯಾದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಮ್ಮ ಸತ್ತು ಎಷ್ಟೋ ಕಾಲವಾಗಿತ್ತು. ಉಳಿಸಿಕೊಳ್ಳಬೇಕಾಗಿದ್ದದ್ದು ನನ್ನ ಮರ್ಯಾದೆ.

ಹಿಂದೆ ಕಾರ್ಖಾನೆಯ ವಾರ್ಷಿಕ ಸಂಚಿಕೆಗೆ ಅಕ್ಕ ಬರೆದಿದ್ದ ಕನ್ನಡಾಂಬೆಯ ಆರತಿಯ ಕವನವೊಂದು ಹಳೆಯ ಪೆಟ್ಟಿಗೆಯಲ್ಲಿತ್ತು. ಅವಳಿಗೆ ಅದನ್ನು ಕಂಡರೆ ಆಗದು, "ಬರೀ ಥಳುಕು, ಬೇಗಡೆ ಕಾಗದ" ಎಂದು ಬೈಯುತ್ತಿದ್ದಳು. ಆ ಹಾಳೆ ಕತ್ತರಿಸಿ ಕೈಚೀಲಕ್ಕೆ ಹಾಕಿಕೊಂಡೆ. ಒಳಕೋಣೆಯ ಕರಪತ್ರವನ್ನೂ ಹಾಕಿಕೊಂಡೆ. ಹಲಸೂರಿನಲ್ಲಿ ಸಂಪಾದಕರ ಮನೆ. ದಾರಿಯಲ್ಲಿ ಯೋಚಿಸಿ ಯಾವುದನ್ನು ಕೊಡಬೇಕೋ ಕೊಡೋಣವೆಂದು ಬಸ್ಸು ಹತ್ತಿದೆ. ಯೋಚಿಸಲೇ ಇಲ್ಲ. ಅವರು ಬಾಗಿಲು ತೆರೆದಾಗ ಕೈ ತಾನಾಗಿ ಅಚ್ಚಾದ ಹಾಳೆಯನ್ನು ತೆಗೆದುಕೊಟ್ಟಿತು.

"ಓಹೋ, ನಾಡು-ನುಡಿಗೆ ಚೆನ್ನಾಗಿ ಕೂರುತ್ತೆ ಇದು. ಆ ವಿಭಾಗಕ್ಕೆ ಹೆಂಗಸರದ್ದು ಒಂದೂ ಬಂದಿರಲಿಲ್ಲ. ಒಳ್ಳೇದಾಯ್ತು ಕಣಮ್ಮ" ಎಂದು ಕಾಫಿ ಕೊಟ್ಟರು.

ಬರುವಾಗ ಹಲಸೂರು ಕೆರೆಯ ಪಕ್ಕದ ಬಸ್ ಸ್ಟಾಪಿನಲ್ಲಿ ಕರಪತ್ರವನ್ನು ಚೂರು ಚೂರು ಮಾಡಿ ಟೀ ಅಂಗಡಿಯ ಡಬ್ಬಕ್ಕೆ ಹಾಕಿದೆ. ಅದರಲ್ಲಿದ್ದ ಕಪ್ಪುಗಳ ಉಳಿದ ಟೀಯಲ್ಲಿ ಅದು ನೆನೆಯುವವರೆಗೂ ನಿಂತಿದ್ದೆ. ಮನೆಗೆ ತಂದು ಎಲ್ಲಿಟ್ಟಿದ್ದರೂ ಅಕ್ಕನ ಕಣ್ಣಿಗೆ ಬೀಳುತ್ತಿರಲಿಲ್ಲ. ನನ್ನ ಕಣ್ಣಿಗೆ ಬೀಳಬಾರದೆಂದು ಹರಿದೆ.

ಮನೆಗೆ ಬಂದರೆ ಅಕ್ಕ ಕುರ್ಚಿಯಲ್ಲಿ ಕಾಯುತ್ತಿದ್ದಳು.

"ಕೊಟ್ಯಾ?"

"ಕೊಟ್ಟೆ."

"ಏನಂದ್ರು?"

"ಚೆನ್ನಾಗಿದೆ ಅಂದ್ರು."

"ನೀನು ಬರ್ಕೊಳಲ್ಲ ಅಂದ್ಕೊಂಡಿದ್ದೆ ಕಣೇ. ಆ ಸಾಲು ಬಂದಾಗ ಪೆನ್ ನಿಂತುಬಿಡುತ್ತೆ ಅಂತ ಕಿವಿಕೊಟ್ಟು ಕೂತಿದ್ದೆ. ನಿಲ್ಲಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು" ಎಂದಳು.

ಮಾರನೆಯ ದಿನ ಬೆಳಿಗ್ಗೆಯೇ ಸಂಪಾದಕರಿಗೆ ಫೋನ್ ಮಾಡೋಣವೆಂದು ಹೊರಟೆ. ಮಾಡಿ ಏನು ಹೇಳಲಿ? ಕೊಡಲು ಇನ್ನೊಂದು ಕವನ ನನ್ನಲ್ಲಿರಲಿಲ್ಲ. ಅಕ್ಕನಿಗೆ ಮತ್ತೆ ಹೇಳು ಎಂದರೆ ಯಾಕೆಂದು ಕೇಳುವಳು. ಬ್ಲೌಸುಗಳ ನೆಪದಲ್ಲಿ ಹಬ್ಬ ಕಳೆಯಿತು. ಕೊನೆಗೆ ಧೈರ್ಯ ತಂದುಕೊಂಡು ಫೋನ್ ಮಾಡಿ, ಅಕ್ಕನ ಕವನ ಬದಲಾಯಿಸಬಹುದಾ ಸಾರ್ ಎಂದು ಕೇಳಿದೆ.

"ಅಯ್ಯೋ, ಪೇಜೆಲ್ಲ ಕಟ್ಟಿ ಪ್ರೆಸ್ಸಿಗೆ ಹೋಯ್ತಲ್ಲಮ್ಮ. ಯಾಕೆ, ಇದಕ್ಕೇನಾಗಿದೆ? ಬೇರೆ ಯಾವ ವಿಷಯದ್ದು?"

"ಹೆಣ್ಣು ನೋಡೋಕೆ ಬಂದಾಗ..." ಎಂದು ನಿಲ್ಲಿಸಿದೆ.

"ಅದನ್ನ ಯಾವ ವಿಭಾಗಕ್ಕೆ ಹಾಕೋದು? ತಾಯಿನೂ ಅಲ್ಲ, ಪ್ರೀತಿನೂ ಅಲ್ಲ. ಮುಂದಿನ ವರ್ಷ ನೋಡೋಣ ಬಿಡಿ."

ಅಲ್ಲಿಂದ ನಾನು ಮಾಡಬಹುದಾದದ್ದು ಏನೂ ಉಳಿಯಲಿಲ್ಲ. ಬಿಡುಗಡೆಯ ದಿನ ಅಕ್ಕ ವೇದಿಕೆ ಹತ್ತಿ ಒಳಕೋಣೆ ಹೇಳುತ್ತಾಳೆ, ಸಭೆಯವರು ಪುಸ್ತಕ ತೆರೆದರೆ ಆರತಿ ಕಾಣುತ್ತದೆ. ಎಲ್ಲರೆದುರು ಅವಳಿಗೆ ತಿಳಿಯುತ್ತದೆ. ಅದಕ್ಕೆ ಮೊದಲು ನಾನೇ ಹೇಳಬೇಕಿತ್ತು. ದಿನಾ ಬೆಳಿಗ್ಗೆ ಸ್ನಾನದ ಮನೆಯಿಂದ ಅವಳು ಕವನವನ್ನು ಗುನುಗಿ ಅಭ್ಯಾಸ ಮಾಡುವುದು ಕೇಳುತ್ತಿತ್ತು. ಆ ಸಾಲು ಹತ್ತಿರ ಬಂದಂತೆ ನಾನು ಮಿಕ್ಸಿ ಹಾಕುತ್ತಿದ್ದೆ. ಮಿಕ್ಸಿ ಹಾಕದೆ ಒಂದೇ ಒಂದು ದಿನ ನಿಂತು ಕೇಳಿದ್ದರೆ ಅದರ ಕೊನೆ ಏನೆಂದು ಇವತ್ತು ನನಗೆ ಗೊತ್ತಿರುತ್ತಿತ್ತು.

ಬಿಡುಗಡೆಯಿದ್ದ ಭಾನುವಾರ ಹೋಗುವುದು ಬೇಡವೆಂದು ಎಷ್ಟೋ ಹೇಳಿದೆ. ಮೋಡ ಕವಿದಿದೆ ಎಂದೆ, ನನಗೆ ತಲೆನೋವು ಎಂದೆ. "ತಲೆನೋವು ನಿನಗೆ, ಓದೋದು ನಾನು. ನಡಿ ಸುಮ್ಮನೆ" ಎಂದಳು. ಮಾವಿನ ಚಿಗುರಿನ ಬಣ್ಣದ ಸೀರೆ ಉಡಿಸಿದೆ. ಬಣ್ಣ ಯಾವುದೆಂದು ಕೇಳಿ ತಿಳಿದುಕೊಂಡಳು. ಇಂದಿರಾನಗರದವರೆಗೆ ಆಟೋ, ಅಲ್ಲಿಂದ ಕೆ.ಆರ್. ಪುರಕ್ಕೆ ಮೆಟ್ರೋ. ಅವಳು ನನ್ನ ಮೊಣಕೈ ಹಿಡಿದು ಕೂತಿದ್ದಳು. ಬೈಯಪ್ಪನಹಳ್ಳಿ ಬರುವುದರೊಳಗೆ ಹೇಳಿಬಿಡುತ್ತೇನೆ ಎಂದುಕೊಂಡೆ. ಬೈಯಪ್ಪನಹಳ್ಳಿ ಬಂತು. ಬಾಗಿಲು ತೆರೆಯುತ್ತದೆಂದು ಆ ಹೆಣ್ಣು ದನಿ ಹೇಳಿದಾಗ ಅಕ್ಕ ನನ್ನ ಮೊಣಕೈ ಚಿವುಟಿ, "ನೋಡು, ನಿನ್ನ ಕವಯಿತ್ರಿ ಶುರು ಮಾಡಿದಳು" ಎಂದು ನಕ್ಕಳು. ಕೆ.ಆರ್. ಪುರ ಬಂದಾಗ ಇಳಿದೆವು.

ಸಭೆ ನಡೆದದ್ದು ಕಾಲೊನಿಯ ಸಭಾಭವನದಲ್ಲಿ. ಬಂದವರಲ್ಲಿ ಹೆಚ್ಚಿನವರು ಕವಿಗಳೇ, ಉಳಿದವರು ಕವಿಗಳ ಮನೆಯವರು. ಅತಿಥಿಗಳು ಬಣ್ಣದ ಕಾಗದ ಬಿಚ್ಚಿ ಪುಸ್ತಕ ಎತ್ತಿ ಹಿಡಿದರು, ಚಪ್ಪಾಳೆಯಾಯಿತು. ಸಾಲುಸಾಲಾಗಿ ಪುಸ್ತಕ ಹಂಚಿದ ಕೂಡಲೇ ಇಡೀ ಸಭೆ ತಲೆ ತಗ್ಗಿಸಿ ತಂತಮ್ಮ ಪುಟ ಹುಡುಕತೊಡಗಿತು. ಅತಿಥಿಗಳ ಭಾಷಣ ಯಾರಿಗೂ ಬೇಕಿರಲಿಲ್ಲ. ಪುಟ ಮಗುಚುವ ಸದ್ದು ತುಂಬಿಕೊಂಡಿತು.

"ನನ್ನದು ಹುಡುಕೇ" ಎಂದಳು ಅಕ್ಕ.

"ಸಿಕ್ತು."

"ಮೂಲೆ ಮಡಚು."

ಮಡಚಿದೆ. ಅವಳು ಪುಸ್ತಕ ತಗೊಂಡು ಮಡಚಿದ ಮೂಲೆಯ ಮೇಲೆ ಬೆರಳಾಡಿಸಿದಳು. "ಎಲ್ಲಿ ಹಾಕಿದಾರೆ? ಸಮಾಜದಲ್ಲಾ?"

"ಹೂಂ" ಎಂದೆ.

ಮೈಕಿನಲ್ಲಿ ಸಂಪಾದಕರ ದನಿ ಕೇಳಿತು. ಕವನ ವಾಚನ ಪುಸ್ತಕದ ವಿಭಾಗಗಳ ಕ್ರಮದಲ್ಲೇ ನಡೆಯುತ್ತದೆ, ಮೊದಲು ನಾಡು-ನುಡಿ ಎಂದರು. ಇಬ್ಬರು ಓದಿ ಇಳಿದರು. ಮೂರನೆಯದಾಗಿ ಅಕ್ಕನ ಹೆಸರು ಕೂಗಿದರು.

ಅಕ್ಕ ತಕ್ಷಣ ಏಳಲಿಲ್ಲ. ನನ್ನ ಮೊಣಕೈಯ ಮೇಲಿದ್ದ ಅವಳ ಬೆರಳುಗಳು ಸಡಿಲವಾದವು. ಚಪ್ಪಾಳೆ ಮುಗಿದು ಎಲ್ಲರೂ ಕಾಯತೊಡಗಿದ ಮೇಲೆ ಮತ್ತೆ ಹಿಡಿದುಕೊಂಡು ಎದ್ದಳು. ಕುರ್ಚಿಗಳ ನಡುವೆ ನಡೆದು ಹೋಗುವಾಗ ನನ್ನ ಕಿವಿಯ ಹತ್ತಿರ ಬಾಗಿದಳು.

"ಯಾವುದು ಕೊಟ್ಟೆ?"

"ಮುಂದೆ ಮೆಟ್ಟಿಲಿದೆ" ಎಂದೆ.

"ಬೇಗ ಹೇಳೇ, ಮೆಟ್ಟಿಲು ಬಂತು. ಯಾವುದು?"

"ಆರತಿದು."

"ಅಯ್ಯೋ ದೇವರೇ, ಅದಾ" ಎಂದಳು. ಅಷ್ಟೇ.

ಮೈಕಿನ ಮುಂದೆ ನಿಲ್ಲಿಸಿ ಪಕ್ಕಕ್ಕೆ ಸರಿದೆ. ಅವಳು ಮೈಕನ್ನು ಮುಟ್ಟಿ ನೋಡಿಕೊಂಡಳು. ನಮಸ್ಕಾರ ಹೇಳಿದಳು. ಅವಳು ಒಳಕೋಣೆ ಶುರು ಮಾಡಲಿ ಎಂದು ಆ ಗಳಿಗೆಯಲ್ಲಿ ನಾನು ನಿಜವಾಗಿಯೂ ಬಯಸಿದೆ. ಎಲ್ಲರೂ ಪುಸ್ತಕ ನೋಡಿ ಗುಸುಗುಸು ಎನ್ನಲಿ, ನನ್ನ ಹೆಸರು ಹಿಡಿದು ಕೇಳಲಿ, ಆಗ ಇದು ಇವತ್ತಿಗೇ ಮುಗಿಯುತ್ತದೆ ಎಂದುಕೊಂಡೆ.

ಅವಳು ಆರತಿಯ ಕವನವನ್ನು ಹೇಳಿದಳು. ಮೊದಲಿಂದ ಕೊನೆಯವರೆಗೆ ಒಂದು ಕಡೆಯೂ ತಪ್ಪಲಿಲ್ಲ. ಸಭೆಯವರು ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಸಾಲು ಸಾಲಿಗೂ ತಲೆದೂಗಿದರು. ಆಪರೇಟರ್ ಆಗಿದ್ದಾಗ ಅವಳು ಎಲ್ಲರಿಗೂ ಒಂದೇ ಸಮ ಇಟ್ಟುಕೊಂಡಿದ್ದ ಆ ನಯವಾದ ದನಿ. ಬಹಳ ದಿನದ ಮೇಲೆ ಅದನ್ನು ಕೇಳಿದೆ. ಕೈ ಜೋರಾಗಿ ಬಡಿದರು. "ಎಂಥ ನೆನಪಿನ ಶಕ್ತಿ ನೋಡಿ!" ಎಂದು ಸಂಪಾದಕರು ಹೊಗಳಿ ಶಾಲು ಹೊದೆಸಿದರು.

ಮರಳುವಾಗ ಮೆಟ್ರೋದಲ್ಲಿ ಜನ ತುಂಬಿದ್ದರು. ಅಕ್ಕ ಮೊಣಕೈ ಹಿಡಿದೇ ನಿಂತಿದ್ದಳು. "ತಾಯಿ ವಿಭಾಗದಲ್ಲಿ ಒಬ್ಬ ಓದಿದನಲ್ಲ, ಅವನಿಗೆ ನಿಜವಾಗ್ಲೂ ಮೂಗು ಸೋರ್ತಿತ್ತು ಕಣೇ" ಎಂದಳು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿದೆ. ಹಾಳೆ ಕತ್ತರಿಸಿದ್ದು, ಹಲಸೂರು, ಟೀ ಅಂಗಡಿಯ ಡಬ್ಬ, ಎಲ್ಲ.

"ಗೊತ್ತಾಯ್ತಲ್ಲ ಬಿಡು. ಊಟಕ್ಕೇನಿದೆ?"

"ಅಕ್ಕ, ಬೈದುಬಿಡು ಒಂದು ಸಲ."

"ಬೈಯೋಕೆ ಏನಿದೆ? ಅನ್ನಕ್ಕಿಡು, ಹಸಿವಾಗ್ತಿದೆ."

ಮಾರನೆಯ ದಿನ ಊಟವಾದ ಮೇಲೆ ಪೆನ್ನು, ಹೊಸ ಬಿಳಿ ಹಾಳೆ ಹಿಡಿದು ಅವಳ ಕುರ್ಚಿಯ ಪಕ್ಕ ಕೂತೆ. ಇನ್ನೊಂದು ಸಲ ಹೇಳು, ನಾನೇ ಬೇರೆ ಕಡೆ ಕಳಿಸುತ್ತೇನೆ ಎಂದೆ.

"ಯಾವುದನ್ನ?"

"ಒಳಕೋಣೆ."

"ಅದು ಹೋಯ್ತು ಕಣೇ, ಮರೆತೆ" ಎಂದಳು.

ಹಿಂದಿನ ಬೆಳಿಗ್ಗೆಯವರೆಗೂ ಸ್ನಾನದ ಮನೆಯಲ್ಲಿ ಅದನ್ನೇ ಗುನುಗುತ್ತಿದ್ದವಳು. ಬೇಡದ ಬೇಗಡೆ ಕಾಗದವನ್ನು ಇಷ್ಟು ವರ್ಷದ ಮೇಲೂ ತಪ್ಪಿಲ್ಲದೆ ಹೇಳಿದವಳು. ನಾನು ಹಾಳೆ ಹಿಡಿದು ಕೂತೇ ಇದ್ದೆ. "ಯಾವುದಾದರೂ ಸಂಕಲನ ಓದು" ಎಂದಳು. ಓದಿದೆ. ಈಗಲೂ ದಿನಾ ಓದುತ್ತೇನೆ. ತಾಯಿ ಬಂದರೆ ಮುಂದಕ್ಕೆ ಹೋಗು ಎನ್ನುವುದಿಲ್ಲ, ಬಂದದ್ದನ್ನೆಲ್ಲ ಕೇಳುತ್ತಾಳೆ. ಆಮೇಲೆ ಒಂದೇ ಒಂದು ಕವನವನ್ನೂ ಅವಳು ಹೇಳಿಲ್ಲ.

ಆ ಕವನವನ್ನು ನಾನೇ ನೆನೆದು ಬರೆಯಲು ನೋಡಿದೆ. ಲೋಟ, ಅಕ್ಕಿ ಮೂಟೆ, ಕೋಡುಬಳೆ ಎಲ್ಲ ನೆನಪಿದೆ. ಅವು ಸಾಮಾನು ಮಾತ್ರ, ಕವನವಲ್ಲ. ನನ್ನ ಮಾತಿನ ನಂತರ ಅವಳು ಏನು ಹೇಳಿದ್ದಳು? ಕ್ಷಮಿಸಿದ್ದಳೋ, ಇಲ್ಲವೋ, ಅಥವಾ ಎರಡೂ ಅಲ್ಲದೆ ಮತ್ತೆ ಕೋಡುಬಳೆಗೇ ಹೋಗಿದ್ದಳೋ? ಅದು ನನ್ನ ಕೈಯ ಅಕ್ಷರದಲ್ಲೇ ಇತ್ತು. ಈಗ ಲೋಕದಲ್ಲಿ ಅದನ್ನು ಬಲ್ಲವಳು ಒಬ್ಬಳೇ. ಅವಳು ಮರೆತೆ ಎನ್ನುತ್ತಾಳೆ.

ಇನ್ನೊಂದು ಬದಲಾಗಿದೆ. ಬೆಲ್ ಆದರೆ ಅಕ್ಕ ಕುರ್ಚಿಯಿಂದ ಎದ್ದು, ಗೋಡೆ ಹಿಡಿದುಕೊಂಡು ಕೋಣೆಗೆ ಹೋಗುತ್ತಾಳೆ. ಮೊದಲ ಸಲ ಬಾತ್‌ರೂಮಿಗೇನೋ ಎಂದುಕೊಂಡೆ. ಇಲ್ಲ, ಮಂಚದ ಮೇಲೆ ಕೂತಿರುತ್ತಾಳೆ. ಬಂದವರು ಹೋದ ಮೇಲೆ ಬರುತ್ತಾಳೆ. "ಇಲ್ಲೇ ಕೂತ್ಕೋ ಅಕ್ಕ, ದಮ್ಮಯ್ಯ" ಎಂದು ಎಷ್ಟು ಬೇಡಿಕೊಂಡರೂ, "ಇರ್ಲಿ ಬಿಡೇ, ನಿನ್ನ ಕೆಲಸ ನೋಡ್ಕೋ" ಎನ್ನುತ್ತಾಳೆ. ಸಿಟ್ಟಿನ ದನಿಯಲ್ಲ. ಸಿಟ್ಟಾಗಿದ್ದರೆ ಕಾಲು ಹಿಡಿಯಬಹುದಿತ್ತು.

ನಿನ್ನೆ ಪುಲಿಕೇಶಿನಗರದಿಂದ ಬಹಳ ವರ್ಷಗಳಿಂದ ಬರುವ ಹೆಂಗಸೊಬ್ಬರು ಮಗಳ ಮದುವೆಯ ಬಟ್ಟೆ ತಂದಿದ್ದರು. ಬೆಲ್ ಒತ್ತಿದಾಗಲೇ ಅಕ್ಕ ಎದ್ದುಹೋಗಿದ್ದಳು. ಅಕ್ಕನನ್ನು ತಮ್ಮ ಉರ್ದುವಿನಲ್ಲಿ ಆಪಾ ಎಂದೇ ಕರೆಯುವ ಅವರು ಬೆತ್ತದ ಕುರ್ಚಿ ನೋಡಿ, "ಆಪಾ ಎಲ್ಲಿ? ಎರಡು ಸಲ ಬಂದೆ, ಕಾಣಲೇ ಇಲ್ಲ. ಊರಲ್ಲಿಲ್ವಾ?" ಎಂದರು.

"ಇದಾಳೆ. ಒಳಗಿದಾಳೆ ನಮ್ಮಕ್ಕ" ಎಂದೆ, ಕೋಣೆಗೆ ಕೇಳುವಷ್ಟು ಗಟ್ಟಿಯಾಗಿ. ಈಗ ಯಾರು ಬಂದರೂ, ಕೇಳಲಿ ಬಿಡಲಿ, ಹೀಗೆ ಹೇಳುತ್ತೇನೆ. ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ಹೋಗಿ ಕೋಣೆಯ ಲೈಟಿನ ಸ್ವಿಚ್ಚು ಒತ್ತಿದೆ. ಬೆಳಕು ಅವಳಿಗೆ ಬೇಕಿಲ್ಲ. ಟಕ್ ಎಂದದ್ದಾದರೂ ಕೇಳಲಿ ಎಂದು. ಅವಳು ಮಂಚದ ತುದಿಯಲ್ಲಿ ಕೈ ಮಡಿಲಲ್ಲಿಟ್ಟು ಕೂತಿದ್ದಳು. ನನ್ನ ಕಡೆ ತಿರುಗಲಿಲ್ಲ. ಬಾಗಿಲನ್ನು ಪೂರ್ತಿ ತೆರೆದಿಟ್ಟು ಅಳತೆ ತೆಗೆಯಲು ಹೋದೆ.